ಗೇಟಿನ ಒಳಗೆ ನಿಂತ ಸ್ಕೂಟಿ

ನನ್ನ ಡಿಎಲ್ ಈ ಜೂನ್‌ನಲ್ಲಿ ಮುಗಿಯಿತು. 2005ರಲ್ಲಿ ಮಾಡಿಸಿದ್ದು. ಆಗ ಇಪ್ಪತ್ತು ವರ್ಷಕ್ಕೆ ಕೊಡುತ್ತಿದ್ದರು, ನನಗೂ ಆಗ ಇಪ್ಪತ್ತೇ. ಮಳೆ ಬಿಟ್ಟ ಒಂದು ಸಂಜೆ ಮನೆ ಹತ್ತಿರದ ಸೈಬರ್‌ಗೆ ಹೋದೆ. ಅಲ್ಲಿದ್ದ ಹುಡುಗ ಆಧಾರ್ ಕಾರ್ಡು, ಹಳೇ ಡಿಎಲ್, ಫೋಟೊ ಎಲ್ಲ ತಗೊಂಡು ಟಕಟಕ ಅಂತ ತುಂಬುತ್ತಾ ಹೋದ. ನಾನು ಅವನ ಹೆಗಲ ಮೇಲಿಂದ ಪರದೆ ನೋಡುತ್ತಿದ್ದೆ. ಒಂದು ಕಡೆ ನಮೂನೆ 1 ಬಂತು. ನಮ್ಮ ಆರೋಗ್ಯದ ಬಗ್ಗೆ ನಾವೇ ಹೇಳಿಕೊಳ್ಳಬೇಕಾದ ನಮೂನೆ. ಮೊದಲ ಪ್ರಶ್ನೆಯೇ ಮೂರ್ಛೆ ರೋಗದ್ದು. ಮೂರ್ಛೆ ರೋಗ ಇದೆಯಾ, ಅಥವಾ ಯಾವುದೇ ಕಾರಣಕ್ಕೆ ಇದ್ದಕ್ಕಿದ್ದಂತೆ ಎಚ್ಚರ ತಪ್ಪುವುದು, ತಲೆ ಸುತ್ತುವುದು ಆಗುತ್ತದಾ ಅಂತ. ನಾನು ಅದನ್ನು ಓದಿ ಮುಗಿಸುವಷ್ಟರಲ್ಲಿ ಅವನು 'ಇಲ್ಲ' ಒತ್ತಿ ಕೆಳಗೆ ಹೋಗಿದ್ದ.

"ತಮ್ಮಾ, ಸ್ವಲ್ಪ ಮೇಲೆ ಹೋಗು" ಅಂದೆ.

"ಅದು ಎಲ್ರಿಗೂ ಇಲ್ಲ ಅಂತಾನೇ ಹಾಕೋದು ಅಕ್ಕಾ."

"ನನಗೆ ಇದೆಯಪ್ಪಾ."

ಮೌಸ್ ಮೇಲಿನ ಕೈ ನಿಂತಿತು. ಅವನು ತಿರುಗಿ ನನ್ನ ಮುಖ ನೋಡಿದ. ಪಕ್ಕದಲ್ಲಿ ಪಹಣಿ ತೆಗೆಸಲು ಕೂತಿದ್ದ ಹಿರಿಯರೂ ನೋಡಿದರು. ಹುಡುಗ ದನಿ ಇಳಿಸಿದ. "ಯಾರಿಗೆ ಗೊತ್ತಾಗುತ್ತೆ ಅಕ್ಕಾ? ಸುಮ್ನೆ ಇಲ್ಲ ಅಂತ ಇರ್ಲಿ ಬಿಡ್ರಿ. ನಲವತ್ತು ದಾಟಿದೋರಿಗೆ ಡಾಕ್ಟರ್ ಸರ್ಟಿಫಿಕೇಟ್ ಕೇಳ್ತಾರೆ, ಅದನ್ನೂ ನಾನೇ ಮಾಡಿಸಿಕೊಡ್ತೀನಿ. ನೀವು ಬರೋದೂ ಬೇಡ."

ಅವನು ಕೆಟ್ಟ ಹುಡುಗ ಅಲ್ಲ. ನನ್ನ ಕೆಲಸ ಆಗಲಿ ಅಂತಲೇ ಹೇಳಿದ್ದು. ಮನೆಯಲ್ಲಿ ನನ್ನ ತಮ್ಮ ಹೇಳಿದ್ದೂ ಅದನ್ನೇ, ಜೊತೆಗೆ ಕೆಲಸ ಮಾಡುವ ಇಬ್ಬರು ಟೀಚರ್‌ಗಳು ಹೇಳಿದ್ದೂ ಅದನ್ನೇ. "ಇವತ್ತು ಬೇಡಪ್ಪಾ, ಇನ್ನೊಂದಿನ ಬರ್ತೀನಿ" ಅಂತ ಅವನ ಕೈಗೆ ಐವತ್ತು ರೂಪಾಯಿ ಕೊಟ್ಟು ಹೊರಗೆ ಬಂದೆ. ಆಮೇಲೆ ಹೋಗಿಲ್ಲ. ಆದರೆ ಆ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಗಾಡಿ ಓಡಿಸೋದು ನನ್ನ ಹಕ್ಕಾ? ಹಕ್ಕಾಗಿದ್ದರೆ ಇವರು ಯಾರು ಕೇಳೋಕೆ? ಹಕ್ಕಲ್ಲ, ಬರೀ ಅನುಮತಿ ಅನ್ನೋದಾದರೆ, ಅದನ್ನು ಕಳೆದುಕೊಂಡಾಗ ಇಷ್ಟು ನೋವು ಯಾಕೆ ಆಗುತ್ತದೆ?

ಕೈಯಲ್ಲಿದ್ದ ಬೀಗದ ಕೈ

ನಾನು ಪಾಠ ಮಾಡುವ ಶಾಲೆ ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೋಗುವ ಹೈವೇಯಲ್ಲಿ, ಆನಗೋಡು ದಾಟಿ ಸ್ವಲ್ಪ ಒಳಗೆ ಇದೆ. ಒಂಬತ್ತು ವರ್ಷ ಸ್ಕೂಟಿಯಲ್ಲೇ ಹೋಗಿ ಬಂದೆ. ಹೋದ ವರ್ಷ ಶ್ರಾವಣದಲ್ಲಿ ಒಂದು ದಿನ ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕುತ್ತಿದ್ದೆ. ಅಲ್ಲಿಂದ ಮುಂದಿನದು ನನಗೆ ಗೊತ್ತಿಲ್ಲ. ಎಚ್ಚರ ಆದಾಗ ಸಿಮೆಂಟ್ ನೆಲದ ಮೇಲೆ ಮಲಗಿದ್ದೆ. ಮೇಲೆ ಫ್ಯಾನು ತಿರುಗುತ್ತಿತ್ತು. ಬಾಯಲ್ಲಿ ರಕ್ತದ ರುಚಿ, ನಾಲಿಗೆ ಕಚ್ಚಿಕೊಂಡಿದ್ದೆ. ಯಾರೋ ನನ್ನ ಹೆಸರು ಕರೆಯುತ್ತಿದ್ದರು, ಅದು ನನ್ನ ಹೆಸರು ಅಂತ ತಿಳಿಯೋಕೇ ಹೊತ್ತು ಹಿಡಿಯಿತು. ಬಲಗೈ ಬಿಗಿಯಾಗಿ ಮುಚ್ಚಿತ್ತು. ಒಂದೊಂದೇ ಬೆರಳು ಬಿಡಿಸಿದೆ. ಒಳಗೆ ನನ್ನದೇ ಸ್ಕೂಟಿ ಕೀ. ಅಂಗೈಯಲ್ಲಿ ಅದರ ಹಲ್ಲಿನ ಗುರುತು ಕೆಂಪಗೆ ಮೂಡಿತ್ತು.

ನಮ್ಮ ಕಡೆ ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುತ್ತಾರೆ. ಬೀಗದ ಕೈ, ಕುಡುಗೋಲು, ಏನು ಸಿಕ್ಕಿತೋ ಅದು. ನಮ್ಮ ಶಾಲೆಯ ಆಯಮ್ಮನಿಗೆ ಮೇಜಿನ ಮೇಲೆ ಸಿಕ್ಕಿದ್ದು ನನ್ನ ಕೀ. ಕಬ್ಬಿಣಕ್ಕೂ ಫಿಟ್ಸಿಗೂ ಏನೂ ಸಂಬಂಧ ಇಲ್ಲ. ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ಅದಾಗೇ ನಿಲ್ಲುತ್ತದೆ. ಐದು ನಿಮಿಷ ಆದರೂ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿವರೆಗೆ ಮಾಡಬೇಕಾದ್ದು ಇಷ್ಟೇ. ಒಂದು ಮಗ್ಗುಲಿಗೆ ಮಲಗಿಸಿ, ತಲೆಗೆ ಮೆತ್ತಗಿನದು ಏನಾದರೂ ಕೊಡಿ, ಬಾಯಿಗೆ ಏನೂ ಹಾಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಇದನ್ನು ಓದಿದವರು ದಯವಿಟ್ಟು ನೆನಪಿಟ್ಟುಕೊಳ್ಳಿ. ಆಯಮ್ಮ ಪ್ರೀತಿಯಿಂದಲೇ ಕೊಟ್ಟಿದ್ದರು, ಅದಕ್ಕೆ ನನಗೆ ಬೇಜಾರಿಲ್ಲ.

ನನ್ನನ್ನು ನಡುಗಿಸಿದ್ದು ಗೋಡೆ ಗಡಿಯಾರ. ಫಿಟ್ಸ್ ಬಂದಿದ್ದು ಹತ್ತಕ್ಕೆ ಹತ್ತು ನಿಮಿಷ ಇರುವಾಗ ಅಂದರು. ನಾನು ಗೇಟಿನೊಳಗೆ ಬಂದಿದ್ದು ಒಂಬತ್ತೂ ಮೂವತ್ತೈದಕ್ಕೆ. ಆ ಹೊತ್ತಿಗೆ ಗೇಟಿನ ಮುಂದೆ ಹುಡುಗರು ಗುಂಪುಗುಂಪಾಗಿ ಬರುತ್ತಿರುತ್ತಾರೆ. ಐದನೇ ಕ್ಲಾಸಿನ ಇಬ್ಬರು ಹೆಣ್ಣುಮಕ್ಕಳು ದಿನಾ ನನ್ನ ಗಾಡಿ ಕಂಡ ಕೂಡಲೇ "ಮಿಸ್, ಮಿಸ್" ಅಂತ ಪಕ್ಕದಲ್ಲೇ ಓಡಿ ಬರುತ್ತಿದ್ದರು. ಆವತ್ತೂ ಬಂದಿದ್ದರು. ಮಧ್ಯೆ ಇದ್ದಿದ್ದು ಹದಿನೈದು ನಿಮಿಷ. ಈಗಲೂ ಕೆಲವು ರಾತ್ರಿ ಆ ಹದಿನೈದು ನಿಮಿಷ ಕಣ್ಣ ಮುಂದೆ ಬರುತ್ತದೆ.

ಸ್ಕ್ಯಾನ್ ಆಯಿತು. ಮಿದುಳಿನಲ್ಲಿ ಒಂದು ಹಳೇ ಗಾಯದ ಗುರುತು, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಜನವರಿಯಲ್ಲಿ ಮನೆಯಲ್ಲಿ ಇನ್ನೊಂದು ಸಲ ಬಂತು, ನಿದ್ದೆಯಲ್ಲಿ. ಆಮೇಲೆ ಮಾತ್ರೆ ಸರಿಹೋಯಿತು. ಈಗ ಹತ್ತು ತಿಂಗಳಾಯಿತು, ಬಂದಿಲ್ಲ. ನರರೋಗದ ಡಾಕ್ಟರ್ ಮೊದಲ ದಿನ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, "ಗಾಡಿ ಓಡಿಸ್ತೀರಾ ಮೇಡಂ?" ಹೌದು ಅಂದೆ. "ಸದ್ಯಕ್ಕೆ ಬೇಡ" ಅಂದರು. ಈ 'ಸದ್ಯಕ್ಕೆ' ಅನ್ನೋ ಪದವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಹುರುಳಿ ಹರವಿದ ರಸ್ತೆ

ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮೂಲಭೂತ ಹಕ್ಕುಗಳ ಪಾಠದಲ್ಲಿ 19ನೇ ವಿಧಿ ಬಂತು. ದೇಶದ ಉದ್ದಗಲಕ್ಕೂ ಮುಕ್ತವಾಗಿ ಓಡಾಡುವ ಹಕ್ಕು ನಮಗೆಲ್ಲ ಇದೆ ಅಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮಿಸ್, ಮತ್ತೆ ನಮ್ಮಣ್ಣನ ಗಾಡಿ ಪೊಲೀಸ್ರು ಯಾಕೆ ಹಿಡಿದ್ರು? ಗಾಡಿ ನಮ್ಮಪ್ಪಂದು, ರೋಡು ನಮ್ಮೂರುದು" ಅಂದ. ಅಣ್ಣನಿಗೆ ಹದಿನೇಳು ವರ್ಷ. ಕ್ಲಾಸೆಲ್ಲ ನಕ್ಕಿತು. ನಾನು ನಗಲಿಲ್ಲ, ಯಾಕೆಂದರೆ ಅದು ಒಳ್ಳೇ ಪ್ರಶ್ನೆ. ಅದೇ ವಿಧಿಯಲ್ಲಿ ಸಾರ್ವಜನಿಕರ ಹಿತಕ್ಕಾಗಿ ಸಮಂಜಸವಾದ ನಿರ್ಬಂಧ ಹಾಕಬಹುದು ಅಂತಲೂ ಇದೆ ಅಂದೆ. ಪುಸ್ತಕದ ಉತ್ತರ. ಅವನಿಗೂ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ.

ಮನೆಗೆ ಬಂದು ಹುಡುಕಿ ಓದಿದೆ. 1954ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಸಗೀರ್ ಅಹ್ಮದ್ ಅನ್ನೋ ಕೇಸು ಬಂದಿತ್ತು. ಉತ್ತರ ಪ್ರದೇಶದ ಬುಲಂದ್‌ಶಹರ್‌ನಿಂದ ದೆಹಲಿಗೆ ಬಸ್ಸು ಬಿಡುತ್ತಿದ್ದ ಖಾಸಗಿಯವರನ್ನು ಸರ್ಕಾರ ತೆಗೆದುಹಾಕಲು ಹೊರಟಾಗ ಹುಟ್ಟಿದ ಜಗಳ. ಮದ್ರಾಸ್ ಹೈಕೋರ್ಟು ಮುಂಚೆಯೇ ಹೇಳಿದ್ದ ಒಂದು ಮಾತನ್ನು ಸುಪ್ರೀಂ ಕೋರ್ಟು ಅಲ್ಲಿ ಒಪ್ಪಿಕೊಂಡಿತು. ರಸ್ತೆಯಲ್ಲಿ ಮೋಟಾರು ಗಾಡಿ ಓಡಿಸುವ ಜನರ ಹಕ್ಕು ಮೋಟಾರು ವಾಹನ ಕಾಯ್ದೆ ಹುಟ್ಟಿಸಿದ್ದಲ್ಲ, ಅದು ಕಾಯ್ದೆಗಿಂತ ಮುಂಚಿನದು, ರಸ್ತೆಯ ಮೇಲೆ ಎಲ್ಲರಿಗೂ ಇರುವ ಹಕ್ಕಿನ ಒಂದು ಭಾಗ. ಸರ್ಕಾರ ಮಾಡೋದು ಜನರ ಸುರಕ್ಷತೆಗಾಗಿ ಅದನ್ನು ಹತೋಟಿಯಲ್ಲಿಡುವ ಕೆಲಸ ಮಾತ್ರ. ಇದನ್ನು ಓದಿದ ರಾತ್ರಿ ನನಗೆ ನಿಜಕ್ಕೂ ಖುಷಿಯಾಯಿತು. ಇಷ್ಟು ದಿನ ಎಲ್ಲರೂ "ಅದು ಸರ್ಕಾರ ಕೊಡೋ ಸೌಲಭ್ಯ ಕಣಮ್ಮಾ" ಅನ್ನುತ್ತಿದ್ದರು. ಹಾಗಲ್ಲ.

ನಮ್ಮ ಶಾಲೆ ರಸ್ತೆ ನೋಡಿದವರಿಗೆ ಈ ಮಾತು ಕೋರ್ಟು ಹೇಳದೇನೂ ಗೊತ್ತಾಗುತ್ತದೆ. ಮೆಕ್ಕೆಜೋಳ ಬಂದ ಕಾಲಕ್ಕೆ ಅರ್ಧ ರಸ್ತೆ ಹಳದಿ ಆಗುತ್ತದೆ. ತೆನೆ ಬಿಡಿಸಿ ಕಾಳು ಹರವಿ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಚಿತ್ರದುರ್ಗದ ಕಡೆ ಹೋದರೆ ಹುರುಳಿ ಬಳ್ಳಿ ರಸ್ತೆ ತುಂಬ ಹಾಸಿರುತ್ತಾರೆ, ಹೋಗಿ ಬರುವ ಗಾಡಿಗಳೇ ಒಕ್ಕಣೆ ಮಾಡಬೇಕು. ಇದು ತಪ್ಪು, ಬೈಕಿನವರು ಜಾರಿ ಬೀಳುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊರ ಹಿಡಿದು ಅಲ್ಲಿ ಕೂತ ಅಜ್ಜಿಯನ್ನು ಕೇಳಿ ನೋಡಿ, ರಸ್ತೆ ಯಾರದ್ದು ಅನ್ನೋದರಲ್ಲಿ ಆಕೆಗೆ ಅನುಮಾನವೇ ಇಲ್ಲ. ಕಾರು ಬರೋಕೆ ಮುಂಚೆ ಅಲ್ಲಿ ಎತ್ತಿನ ಗಾಡಿ ಹೋಗುತ್ತಿತ್ತು, ಕುರಿಮಂದೆ ಹೋಗುತ್ತಿತ್ತು, ದೇವರ ಪಲ್ಲಕ್ಕಿ ಹೋಗುತ್ತಿತ್ತು. ಇವತ್ತಿಗೂ ನಡೆಯೋಕೆ, ಸೈಕಲ್ ತುಳಿಯೋಕೆ ಲೈಸೆನ್ಸ್ ಯಾರೂ ಕೇಳಲ್ಲ.

ಹಾಗಾದರೆ ಗಾಡಿಗೆ ಮಾತ್ರ ಯಾಕೆ? ನನಗೆ ಹೊಳೆದ ಉತ್ತರ ಆ ಇಬ್ಬರು ಮಕ್ಕಳದ್ದು. ನಾನು ನಡೆದು ಹೋಗುತ್ತಾ ಎಚ್ಚರ ತಪ್ಪಿ ಬಿದ್ದರೆ ನನ್ನ ತಲೆ ಒಡೆಯುತ್ತದೆ, ಅಷ್ಟೇ. ನೂರು ಕಿಲೋ ಹತ್ತಿರದ ಗಾಡಿ ಮೇಲೆ ನಲವತ್ತರ ಸ್ಪೀಡಿನಲ್ಲಿ ಬಿದ್ದರೆ ಪಕ್ಕದಲ್ಲಿ ಓಡಿ ಬರುವ ಮಗುವಿನದೂ ಹೋಗುತ್ತದೆ. ನಾನು ಗಾಡಿ ಹತ್ತುವಾಗ ಆ ಮಗುವಿನ ಜೀವವನ್ನೂ ಕೈಯಲ್ಲಿ ಹಿಡಿದುಕೊಂಡೇ ಹೊರಟಿರುತ್ತೇನೆ. ಅದಕ್ಕೆ ಆ ಮಗುವಿನ ಒಪ್ಪಿಗೆ ಬೇಡವಾ? ಮಗುವನ್ನು ಕೇಳೋಕೆ ಆಗಲ್ಲ. ರಸ್ತೆಯಲ್ಲಿರುವ ಎಲ್ಲರನ್ನೂ ದಿನಾ ಕೇಳೋಕೆ ಆಗಲ್ಲ. ಅವರೆಲ್ಲರ ಪರವಾಗಿ ಸರ್ಕಾರ ಒಮ್ಮೆ ನೋಡಿ, ಪರೀಕ್ಷೆ ಮಾಡಿ, ಸರಿ ಹೋಗು ಅನ್ನುತ್ತದೆ. ಲೈಸೆನ್ಸ್ ಅಂದರೆ ನನ್ನ ಮಟ್ಟಿಗೆ ಈಗ ಇದೇ. ಅದು ಸರ್ಕಾರದ್ದಲ್ಲ, ನಡೆದು ಹೋಗುವವರ ಒಪ್ಪಿಗೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 32 ಸಾವಿರಕ್ಕೂ ಜಾಸ್ತಿ ಜನ ಬರೀ ನಡೆದು ಹೋಗುತ್ತಿದ್ದವರು. ಅವರ ಕೈಯಲ್ಲಿ ಹ್ಯಾಂಡಲ್ಲೂ ಇರಲಿಲ್ಲ, ಸ್ಟೇರಿಂಗೂ ಇರಲಿಲ್ಲ.

ಮಾರನೇ ದಿನ ಕ್ಲಾಸಿನಲ್ಲಿ ಇದನ್ನೇ ಹೇಳಿದೆ, ನನ್ನ ಕಾಯಿಲೆಯನ್ನೂ ಸೇರಿಸಿ. 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಹದಿನೆಂಟು ತುಂಬದವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಆಗಬಹುದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಸಿಗೋದಿಲ್ಲ ಅಂತಲೂ ಹೇಳಿದೆ. ಆ ಹುಡುಗ ಸುಮ್ಮನೆ ಕೇಳಿಸಿಕೊಂಡ. ಕ್ಲಾಸು ಮುಗಿದ ಮೇಲೆ ಹತ್ತಿರ ಬಂದು, "ಈಗ ಹುಷಾರಾಗಿದೀರಾ ಮಿಸ್?" ಅಂತ ಕೇಳಿದ.

2005ರ ಎಂಟು

ಒಪ್ಪಿಗೆ ಅಂತ ದೊಡ್ಡ ಮಾತು ಆಡಿದೆ. ಆದರೆ ನನಗೆ ಆ ಒಪ್ಪಿಗೆ ಸಿಕ್ಕಿದ್ದು ಹೇಗೆ ಅನ್ನೋದನ್ನೂ ಹೇಳಬೇಕು. ಬಯಲಲ್ಲಿ ಸುಣ್ಣದ ಪುಡಿಯಲ್ಲಿ ಎಂಟು ಬರೆದಿದ್ದರು. ನಲವತ್ತು ಜನ ಸಾಲಾಗಿ ನಿಂತಿದ್ದೆವು. ನನ್ನ ಸರದಿ ಬಂತು. ಮೊದಲ ಸುತ್ತಿಗೇ ಎಡಗಾಲು ನೆಲಕ್ಕೆ ತಾಗಿತು, ಎರಡನೇ ತಿರುವಿನಲ್ಲಿ ಗೆರೆ ದಾಟಿದೆ. ಹೋಯಿತು ಅಂದುಕೊಂಡು ಅಳು ಬಂತು. ತಲೆ ಎತ್ತಿ ನೋಡಿದರೆ ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಮುಂದಿನವರ ಕಾಗದ ನೋಡುತ್ತಿದ್ದರು. ನನ್ನ ಎಂಟನ್ನು ಅವರು ನೋಡಲೇ ಇಲ್ಲ. ಡ್ರೈವಿಂಗ್ ಸ್ಕೂಲಿನವರು ಕೈಸನ್ನೆ ಮಾಡಿ "ಆಯ್ತು, ಬಾ" ಅಂದರು. ಅದೇ ನಮೂನೆ 1ರಲ್ಲಿ 25 ಮೀಟರ್ ದೂರದಿಂದ ಗಾಡಿ ನಂಬರ್ ಓದೋಕೆ ಆಗುತ್ತದಾ ಅಂತ ಒಂದು ಪ್ರಶ್ನೆ ಇದೆ. ಆವತ್ತು ನನಗೆ ಯಾವ ನಂಬರನ್ನೂ ಯಾರೂ ಓದಿಸಲಿಲ್ಲ. ಎರಡು ವಾರದಲ್ಲಿ ಕಾರ್ಡು ಬಂತು. ಅವ್ವ ಅದನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದಳು.

ನನ್ನ ಸಿಟ್ಟು ಇರೋದು ಇಲ್ಲಿ. ಕೊಡುವಾಗ ಯಾರೂ ನೋಡಲಿಲ್ಲ. ಇಪ್ಪತ್ತು ವರ್ಷ ಯಾರೂ ಏನೂ ಕೇಳಲಿಲ್ಲ. ಹಾಗಾಗಿ ಅದು ಹುಟ್ಟಿನಿಂದಲೇ ಬಂದ ಆಸ್ತಿ ಅನ್ನೋ ಹಾಗೆ ಕೈಗೆ ಒಗ್ಗಿಹೋಯಿತು. ಹೀಗೆ ಸುಲಭವಾಗಿ ಕೊಟ್ಟಿದ್ದನ್ನು ಒಂದು ದಿನ ಬೇಡ ಅಂದಾಗ, ನಮ್ಮದನ್ನು ಕಿತ್ತುಕೊಂಡರು ಅನ್ನಿಸುತ್ತದೆ. ಸುಳ್ಳು ಹೇಳಿ ಉಳಿಸಿಕೊಳ್ಳೋದು ತಪ್ಪು ಅಂತಲೇ ಯಾರಿಗೂ ಅನ್ನಿಸೋದಿಲ್ಲ.

ಕೇಳುವ ರೀತಿಯೂ ಸರಿಯಿಲ್ಲ. ಆ ಪ್ರಶ್ನೆಗೆ ಇರೋದು ಹೌದು, ಇಲ್ಲ, ಎರಡೇ. ಕೊನೆಯ ಸಲ ಯಾವಾಗ ಬಂತು, ಮಾತ್ರೆ ತಗೊಳ್ಳುತ್ತಿದ್ದೀರಾ, ನಿದ್ದೆಯಲ್ಲಿ ಮಾತ್ರ ಬರುತ್ತದಾ, ಇದನ್ನೆಲ್ಲ ಆ ಪ್ರಶ್ನೆ ಕೇಳೋದೇ ಇಲ್ಲ. ಹತ್ತು ವರ್ಷದ ಹಿಂದೆ ಒಮ್ಮೆ ಬಂದವರೂ, ನಿನ್ನೆ ಬಂದವರೂ ಅಲ್ಲಿ ಒಂದೇ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದು ವರ್ಷ ಫಿಟ್ಸ್ ಬಾರದೆ ಇದ್ದರೆ ಕಾರು, ಬೈಕಿಗೆ ಮತ್ತೆ ಲೈಸೆನ್ಸ್ ಕೇಳಬಹುದು. ಲಾರಿ, ಬಸ್ಸಿಗಾದರೆ ಮಾತ್ರೆ ಇಲ್ಲದೆ ಹತ್ತು ವರ್ಷ ಕಳೆದಿರಬೇಕು. ಎಷ್ಟು ಅಪಾಯವೋ ಅಷ್ಟು ಕಾಯಬೇಕು. ಇದು ನನಗೆ ನ್ಯಾಯ ಅನ್ನಿಸುತ್ತದೆ. ಕಾಯೋಕೆ ನಾನು ತಯಾರಿದ್ದೇನೆ. ಎಷ್ಟು ದಿನ ಅಂತ ಹೇಳಿದರೆ ಸಾಕು. ಸತ್ಯ ಹೇಳಿದವರಿಗೆ ಬಾಗಿಲು ಪೂರ್ತಿ ಮುಚ್ಚಿಹೋಗುತ್ತದೆ ಅನ್ನೋ ಭಯ ಇರುವ ಕಡೆ ಸತ್ಯ ಯಾರು ಹೇಳುತ್ತಾರೆ? ಸೈಬರ್ ಹುಡುಗ ಹೇಳಿದ "ಎಲ್ರಿಗೂ ಇಲ್ಲ" ಅನ್ನೋದರಲ್ಲಿ ನನ್ನಂಥವರು ಎಷ್ಟು ಜನ ಇರಬಹುದು. ಅವರಲ್ಲಿ ಕೆಲವರು ಮಾತ್ರೆ ಸರಿಯಾಗಿ ತಗೊಳ್ಳದವರೂ ಇರಬಹುದು, ಡಾಕ್ಟರ ಹತ್ತಿರವೂ ಮುಚ್ಚಿಟ್ಟವರು ಇರಬಹುದು. ನನಗೆ ಭಯ ಆಗೋದು ಅವರನ್ನು ನೆನೆದು.

ನಿಯಮ ಕಲ್ಲಲ್ಲಿ ಕೊರೆದದ್ದೇನೂ ಅಲ್ಲ. ಹಿರಿಯೂರಿನ ಕಡೆ ಇರುವ ನಮ್ಮ ಸೋದರಮಾವನ ಮಗ ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಲಾರಿ ಕ್ಲೀನರ್ ಆದವನು. ಲಾರಿಯ ಒಂದೊಂದು ನಟ್ಟೂ ಗೊತ್ತು. ಆದರೆ ಹೆವಿ ಲೈಸೆನ್ಸ್ ಸಿಗುತ್ತಿರಲಿಲ್ಲ. ಎಂಟನೇ ಕ್ಲಾಸು ಓದಿರಲೇಬೇಕು ಅಂತ ನಿಯಮ ಇತ್ತು. 2019ರಲ್ಲಿ ಅದನ್ನು ತೆಗೆದರು. ಅವನು ಈಗ ಡ್ರೈವರ್. 2020ರಲ್ಲಿ ಬಣ್ಣ ಗುರುತಿಸೋದು ಸ್ವಲ್ಪ ಕಷ್ಟ ಇರುವವರಿಗೂ ಲೈಸೆನ್ಸ್ ಕೊಡಬಹುದು ಅಂತ ಬದಲಾಯಿತು. ಅಂದರೆ ತಡೆಯೋದಕ್ಕೆ ಕಾರಣ ಕೊಡಬೇಕು, ಕಾರಣ ಸರಿಯಿಲ್ಲದಿದ್ದರೆ ತಡೆ ಬಿಡಬೇಕು. ಹಕ್ಕು ಮುಂಚಿನದು ಅಂತ 1954ರಲ್ಲಿ ಹೇಳಿದ್ದರ ಅರ್ಥ ಇದೇ ಅಂತ ನಾನು ತಿಳಿದಿದ್ದೇನೆ.

"ಸ್ವಲ್ಪ ಬಿಡ್ತೀರಾ?"

ಈಗ ಬಸ್ಸಿನಲ್ಲಿ ಹೋಗುತ್ತೇನೆ. ಎಂಟೂ ನಲವತ್ತರ ಖಾಸಗಿ ಬಸ್ಸು. ಹೈವೇಯಲ್ಲಿ ಇಳಿದು ಸರ್ವಿಸ್ ರೋಡು ದಾಟಿ ಒಳಗೆ ಮೂರು ಕಿಲೋಮೀಟರ್, ಆಟೊ ಸಿಕ್ಕರೆ ಆಟೊ, ಇಲ್ಲದಿದ್ದರೆ ನಡಿಗೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಆಯಿತು, ಅದು ನಿಜಕ್ಕೂ ದೊಡ್ಡ ಕೆಲಸ. ಆದರೆ ನಮ್ಮ ಕಡೆ ಎಷ್ಟೋ ಹಳ್ಳಿಗೆ ಖಾಸಗಿ ಬಸ್ಸೇ ಗತಿ, ಅದರಲ್ಲಿ ಟಿಕೆಟ್ ತಗೊಳ್ಳಲೇಬೇಕು. ದುಡ್ಡಿನದು ದೊಡ್ಡ ಕಷ್ಟ ಅಲ್ಲ. ಸಂಜೆ ಐದೂ ಹತ್ತರ ಬಸ್ಸು ತಪ್ಪಿದರೆ ಮುಂದಿನದಕ್ಕೆ ಒಂದೂವರೆ ಗಂಟೆ ಹೈವೇ ಬದಿ ನಿಲ್ಲಬೇಕು. ಲಾರಿಗಳು ಹಾದು ಹೋಗುವಾಗ ಸೀರೆ ಸೆರಗು ಎಳೆದ ಹಾಗಾಗುತ್ತದೆ. ಹೊಲದ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ಬುತ್ತಿ ಗಂಟು ಹಿಡಿದು ಜೊತೆಗೆ ನಿಂತಿರುತ್ತಾರೆ. ಅವರು ಮೊದಲಿನಿಂದಲೂ ಹೀಗೇ ನಿಂತವರು. ಒಂಬತ್ತು ವರ್ಷ ನಾನು ಅವರ ಮುಂದೆಯೇ ಸ್ಕೂಟಿಯಲ್ಲಿ ಹೋಗಿದ್ದೇನೆ, ಒಬ್ಬರ ಮುಖವೂ ನನಗೆ ನೆನಪಿರಲಿಲ್ಲ. ಈಗ ಅವರಲ್ಲಿ ಐದಾರು ಜನರ ಹೆಸರು ಗೊತ್ತು.

ಬಸ್ಸಿಗಿಂತ ಕಷ್ಟ ಆಗಿದ್ದು ಕೇಳೋದು. ಅವ್ವನನ್ನು ಬಿಪಿ ತೋರಿಸೋಕೆ ಕರೆದುಕೊಂಡು ಹೋಗಬೇಕು, "ಸ್ವಲ್ಪ ಬಿಡ್ತೀರಾ?" ಮಗಳನ್ನು ಟ್ಯೂಷನ್ನಿಂದ ಕರೆತರಬೇಕು, "ಸ್ವಲ್ಪ ಹೋಗಿ ಬರ್ತೀರಾ?" ನಮ್ಮ ಮನೆಯವರು ಒಂದು ದಿನವೂ ಮುಖ ಗಂಟು ಹಾಕಿಲ್ಲ. ಆದರೂ ಕೇಳಬೇಕು. ಅವರಿಗೆ ಬಿಡುವಿದೆಯಾ, ಊಟ ಆಯಿತಾ, ಮನಸ್ಸು ಸರಿ ಇದೆಯಾ ನೋಡಿಕೊಂಡು ಕೇಳಬೇಕು. ಇಪ್ಪತ್ತು ವರ್ಷ ನಾನು ಯಾರನ್ನೂ ಕೇಳದೆ ಬದುಕಿದ್ದೆ. ಸ್ಕೂಟಿ ಬಂದ ಮೇಲೆ ನಮ್ಮ ಊರಿನ ಎಷ್ಟು ಹೆಣ್ಣುಮಕ್ಕಳ ಬದುಕು ಬದಲಾಯಿತು ಅನ್ನೋದು ಅದನ್ನು ಕಳೆದುಕೊಂಡವರಿಗೇ ಸರಿಯಾಗಿ ಗೊತ್ತು. ನನಗೆ ನಿಜವಾಗಿ ಇರುವ ಹಕ್ಕು ಇದು ಅಂತ ಕಾಣುತ್ತದೆ. ಬೇಕಾದ ಕಡೆ, ಬೇಕಾದ ಹೊತ್ತಿಗೆ, ಯಾರ ಮುಖವನ್ನೂ ನೋಡದೆ ಹೋಗಿ ಬರೋದು. ಗಾಡಿ ಅದಕ್ಕೊಂದು ದಾರಿ. ಆ ಮಕ್ಕಳ ಜೀವಕ್ಕೋಸ್ಕರ ಈ ದಾರಿ ನನಗೆ ಬೇಡ ಅಂತ ಸರ್ಕಾರ ಹೇಳಲಿ, ನಾನು ಒಪ್ಪುತ್ತೇನೆ, ಒಪ್ಪಿದ್ದೇನೆ. ಆದರೆ ಹಾಗೆ ಹೇಳಿದವರು ಐದೂ ಹತ್ತರ ನಂತರ ಐದೂ ನಲವತ್ತಕ್ಕೆ ಇನ್ನೊಂದು ಬಸ್ಸು ಬಿಡಬೇಕು. ಇದು ಸಾಲ ಇದ್ದ ಹಾಗೆ. ನನ್ನಿಂದ ಒಂದು ತಗೊಂಡಿದ್ದಾರೆ, ತೀರಿಸಬೇಕಲ್ವಾ? ಕಣ್ಣು ಮಂಜಾದ ಮುದುಕರಿಗೂ, ಹದಿನೆಂಟು ತುಂಬದ ಆ ಹುಡುಗನ ಅಣ್ಣನಿಗೂ, ಗಾಡಿಯೇ ಇಲ್ಲದ ಆ ಕೂಲಿ ಹೆಣ್ಣುಮಕ್ಕಳಿಗೂ ಇದೇ ಸಾಲ ಬಾಕಿ ಇದೆ.

ಬರುವ ಜನವರಿಗೆ ಫಿಟ್ಸ್ ಬಾರದೆ ಒಂದು ವರ್ಷ ಆಗುತ್ತದೆ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಎಂಟು ಹಾಕಿ ಟೆಸ್ಟ್ ಕೊಡಬೇಕು, ಅಂದರೆ ಜೂನ್‌ವರೆಗೆ ಸಮಯ ಇದೆ. ಜನವರಿಯಲ್ಲಿ ಡಾಕ್ಟರ್ ಹತ್ತಿರ ಹೋಗಿ ಎಲ್ಲ ಬರೆಸಿಕೊಂಡು, ಆ ಪ್ರಶ್ನೆಗೆ 'ಹೌದು' ಅಂತಲೇ ಹಾಕಿ, ಕಾಗದ ಜೊತೆಗೆ ಇಟ್ಟು ಕೊಡೋಣ ಅಂತಿದ್ದೇನೆ. ಟೆಸ್ಟ್ ಕೊಡಬೇಕು ಅಂದರೂ ಸರಿ. ಈ ಸಲ ಯಾರಾದರೂ ನಿಂತು ನನ್ನ ಎಂಟನ್ನು ಪೂರ್ತಿ ನೋಡಲಿ ಅಂತ ಆಸೆ.

ಕಾನೂನು ಲೈಸೆನ್ಸ್ ಕೇಳೋದು ಸಾರ್ವಜನಿಕ ಜಾಗದಲ್ಲಿ ಓಡಿಸೋಕೆ. ನಮ್ಮ ಮನೆ ಕಾಂಪೌಂಡಿನ ಒಳಗೆ ಸ್ಟಾರ್ಟ್ ಮಾಡೋಕೆ ಯಾರ ಅಪ್ಪಣೆಯೂ ಬೇಡ. ಅದಕ್ಕೆ ಪ್ರತಿ ಭಾನುವಾರ ಸ್ಕೂಟಿ ಮೇಲಿನ ಹೊದಿಕೆ ತೆಗೆದು, ಸೆಂಟರ್ ಸ್ಟ್ಯಾಂಡ್ ಮೇಲೆ ಇಟ್ಟು ಹತ್ತು ನಿಮಿಷ ಚಾಲೂ ಇಡುತ್ತೇನೆ. ಬ್ಯಾಟರಿ ಸಾಯಬಾರದು ಅಂತ. ಹೋದ ಭಾನುವಾರ ಮಗಳು ಗೇಟಿನ ಹೊರಗೆ ನಿಂತು "ಬಾ ಮಮ್ಮಿ, ಆ ತಿರುವಿನವರೆಗೆ ಒಂದೇ ರೌಂಡು, ಯಾರೂ ಇಲ್ಲ" ಅಂದಳು. ಬೀದಿ ನಿಜವಾಗಿಯೂ ಖಾಲಿ ಇತ್ತು. ಎದುರು ಮನೆ ಮುಂದೆ ಒಂದು ಮಗು ಮಾತ್ರ ಪ್ಲಾಸ್ಟಿಕ್ ಲಾರಿಗೆ ಮಣ್ಣು ತುಂಬುತ್ತಾ ಕೂತಿತ್ತು. ಹತ್ತು ನಿಮಿಷ ಆದ ಮೇಲೆ ಆಫ್ ಮಾಡಿ, ಕೀ ತೆಗೆದು, ಬಾಗಿಲ ಪಕ್ಕದ ಮೊಳೆಗೆ ಸಿಗಿಸಿದೆ.